ಕೊನೆಯ ಕೇರಿಗೂ ತಲುಪುವ ಆಯವ್ಯಯ

(ಗ್ರಾಮ ಪಂಚಾಯತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಸಂಕ್ರಾಂತಿ ಕಳೆದಿದೆ. ಬಂದ ಫಸಲಿನಲ್ಲಿ ಬಿತ್ತನೆಗೆ ಎಷ್ಟು, ಮನೆಗೆ ಎಷ್ಟು, ಮಾರುವುದಕ್ಕೆ ಎಷ್ಟು ಎಂದು ರೈತರು ಕಣದಲ್ಲಿಯೇ ಕುಳಿತು ಎಣಿಸುವ ಕಾಲವಿದು. ಪಂಚಾಯತಿಗೂ ಇದು ಎಣಿಕೆಯ ಕಾಲವೇ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 241ನೇ ಪ್ರಕರಣವು ಫೆಬ್ರವರಿ 1ರಿಂದ ಮಾರ್ಚ್ 10ರವರೆಗಿನ ಅವಧಿಯನ್ನು ಗ್ರಾಮ ಪಂಚಾಯತಿಯ ಆಯವ್ಯಯಕ್ಕೆಂದು ಗೊತ್ತುಪಡಿಸಿದೆ. ಇನ್ನು ಕೆಲವೇ ದಿನಗಳಲ್ಲಿ ಆಯವ್ಯಯದ ಕರಡು ತಮ್ಮ ಮುಂದೆ ಬರಲಿದೆ. ಅದನ್ನು ಹೇಗೆ ಓದಬೇಕು, ಹೇಗೆ ತಿದ್ದಬೇಕು, ಊರಿಗೆ ಹೇಗೆ ತಿಳಿಸಬೇಕು ಎಂಬ ಬಗ್ಗೆ ನನ್ನ ಅನುಭವದ ನಾಲ್ಕು ಮಾತುಗಳನ್ನು ತಮ್ಮ ಮುಂದಿಡಲು ಬಯಸುತ್ತೇನೆ.

ಮೊದಲಿಗೆ ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ಬಹಳ ವರ್ಷಗಳ ಹಿಂದೆ ನಾನು ಒಂದು ಪಂಚಾಯತಿಯಲ್ಲಿ ಕಾರ್ಯದರ್ಶಿಯಾಗಿದ್ದೆ. ಆ ವರ್ಷದ ಆಯವ್ಯಯವನ್ನು ಗ್ರಾಮ ಸಭೆಯಲ್ಲಿ ಹತ್ತೇ ನಿಮಿಷಗಳಲ್ಲಿ ಓದಿ ಮುಗಿಸಿದೆ. ಲೆಕ್ಕಶೀರ್ಷಿಕೆಗಳು, ಮೊತ್ತಗಳು, ಕೊನೆಗೆ ಒಟ್ಟು ಜಮೆ, ಒಟ್ಟು ಖರ್ಚು. ಯಾರೂ ಏನೂ ಕೇಳಲಿಲ್ಲ. ಸಭೆ ಚೆನ್ನಾಗಿ ನಡೆಯಿತೆಂದು ಕಡತ ಮಡಚುತ್ತಿದ್ದಾಗ, ಹಿಂದೆ ಕುಳಿತಿದ್ದ ಒಬ್ಬ ಅಜ್ಜಿ ಎದ್ದು ನಿಂತು, "ಎಲ್ಲಾ ಓದಿದ್ರಿ ಸ್ವಾಮಿ, ನಮ್ಮ ಕೇರಿ ನಲ್ಲಿ ಅದ್ರಾಗೆ ಎಲ್ಲೈತೆ?" ಎಂದು ಕೇಳಿದರು. ನಾನು ಹಾಳೆಗಳನ್ನು ತಿರುವಿದೆ. "ನೀರು ಸರಬರಾಜು ನಿರ್ವಹಣೆ" ಎಂಬ ಒಂದು ಸಾಲು ಇತ್ತು. ಅದರ ಮುಂದೆ ಒಂದು ಮೊತ್ತವಿತ್ತು. ಅವರ ಕೇರಿಯ ನಲ್ಲಿ ಆ ಮೊತ್ತದೊಳಗೆ ಇದೆಯೋ ಇಲ್ಲವೋ ಎಂಬುದು ಅದನ್ನು ಬರೆದ ನನಗೇ ತಿಳಿದಿರಲಿಲ್ಲ. "ನೋಡೋಣ ಅಜ್ಜಿ" ಎಂದೆ. ಆ ವರ್ಷ ಆ ಕೇರಿಗೆ ನಲ್ಲಿ ಬರಲಿಲ್ಲ.

ಅಂದು ನಾನು ಕಾನೂನು ಮೀರಿರಲಿಲ್ಲ. ಅವಧಿಯೊಳಗೆ ಆಯವ್ಯಯ ಸಿದ್ಧವಾಗಿತ್ತು, ಸಭೆಯ ಅನುಮೋದನೆ ಸಿಕ್ಕಿತ್ತು, ನಡವಳಿ ಪುಸ್ತಕದಲ್ಲಿ ಠರಾವು ದಾಖಲಾಗಿತ್ತು. ಆದರೂ ಆ ಅಜ್ಜಿಯ ಪ್ರಶ್ನೆಗೆ ಉತ್ತರವಿರಲಿಲ್ಲ. ಆ ಉತ್ತರ ಏಕೆ ಇರಲಿಲ್ಲ ಎಂಬುದನ್ನು ಹುಡುಕುತ್ತಾ ಹೋದಂತೆ ಎರಡು ಸಂಗತಿಗಳು ನನಗೆ ಮನವರಿಕೆಯಾದವು. ಜಮೆಯ ಕಡೆ ನಿಜವನ್ನು ಬರೆಯದಿದ್ದರೆ ಅದರ ನಷ್ಟ ಕೊನೆಯ ಕೇರಿಗೆ ತಟ್ಟುತ್ತದೆ. ಖರ್ಚಿನ ಕಡೆ ಬರೆದದ್ದನ್ನು ಊರಿಗೆ ತಿಳಿಸದಿದ್ದರೂ ಅದರ ನಷ್ಟ ಕೊನೆಯ ಕೇರಿಗೇ ತಟ್ಟುತ್ತದೆ.

ಜಮೆಯಿಂದ ಆರಂಭಿಸೋಣ. ಪಂಚಾಯತಿಗೆ ಬರುವ ಹಣವನ್ನು ಮೂರು ಬಗೆಯಾಗಿ ನೋಡಬಹುದು. ಮೊದಲನೆಯದು ಸ್ವಂತ ಸಂಪನ್ಮೂಲ: ಮನೆ, ಕಟ್ಟಡ, ಖಾಲಿ ನಿವೇಶನಗಳ ಮೇಲಿನ ತೆರಿಗೆ, ನೀರಿನ ದರ, ಪರವಾನಗಿ ಶುಲ್ಕ, ಸಂತೆಯ ಸುಂಕ, ಮಳಿಗೆಗಳ ಬಾಡಿಗೆ. ಎರಡನೆಯದು ರಾಜ್ಯ ಹಾಗೂ ಕೇಂದ್ರಗಳಿಂದ ಬರುವ ಅನುದಾನ. ಮೂರನೆಯದು ನಮ್ಮ ಕೈಯಿಂದ ವಸೂಲಾದರೂ ಮನಬಂದಂತೆ ಬಳಸಲಾಗದ ಹಣ. ಗ್ರಂಥಾಲಯ, ಆರೋಗ್ಯ, ಶಿಕ್ಷಣ ಮುಂತಾದ ಉಪಕರಗಳು ಈ ಬಗೆಗೆ ಸೇರಿದವು. ಅವುಗಳ ಉದ್ದೇಶ ಮೊದಲೇ ಗೊತ್ತಾಗಿರುವುದರಿಂದ, ಅವನ್ನು ಸ್ವಂತ ಆದಾಯದೊಂದಿಗೆ ಕೂಡಿಸಿ "ನಮ್ಮಲ್ಲಿ ಇಷ್ಟು ಹಣವಿದೆ" ಎಂದು ಹೇಳುವುದು ನಮ್ಮನ್ನು ನಾವೇ ವಂಚಿಸಿಕೊಂಡಂತೆ.

ಅನುದಾನಕ್ಕೂ ಷರತ್ತುಗಳಿವೆ. ಹದಿನೈದನೇ ಹಣಕಾಸು ಆಯೋಗವು 2021-22ರಿಂದ 2025-26ರವರೆಗಿನ ಅವಧಿಗೆ ಶಿಫಾರಸು ಮಾಡಿದ ಅನುದಾನವನ್ನೇ ನೋಡಿ. ಅದರಲ್ಲಿ ಶೇಕಡ 60 ಭಾಗ ನಿರ್ಬಂಧಿತ ಅನುದಾನ. ಅದರ ಅರ್ಧ ಕುಡಿಯುವ ನೀರು, ಮಳೆನೀರು ಸಂಗ್ರಹ ಮತ್ತು ನೀರಿನ ಮರುಬಳಕೆಗೆ. ಉಳಿದರ್ಧ ನೈರ್ಮಲ್ಯಕ್ಕೆ ಮತ್ತು ಬಯಲು ಶೌಚಮುಕ್ತ ಸ್ಥಿತಿಯನ್ನು ಕಾಪಾಡಿಕೊಳ್ಳುವುದಕ್ಕೆ. ಇನ್ನುಳಿದ ಶೇಕಡ 40 ಭಾಗವನ್ನು ಸ್ಥಳೀಯ ಅಗತ್ಯಗಳಿಗೆ ಬಳಸಬಹುದು. ಆದರೆ ವೇತನಕ್ಕೆ ಮತ್ತು ಸಿಬ್ಬಂದಿ ವೆಚ್ಚಕ್ಕೆ ಬಳಸುವಂತಿಲ್ಲ. ಆದ್ದರಿಂದ ಒಂದು ಪಂಚಾಯತಿಗೆ 20 ಲಕ್ಷ ರೂಪಾಯಿ ಅನುದಾನ ಬಂತೆಂದರೆ, ಸದಸ್ಯರು ತಮ್ಮ ವಿವೇಚನೆಯಿಂದ ಹಂಚಬಹುದಾದುದು 8 ಲಕ್ಷ ಮಾತ್ರ. ಈ ಮಾತನ್ನು ವಾರ್ಡ್ ಸಭೆಯಲ್ಲಿ ಮೊದಲೇ ಹೇಳಿದರೆ, "ಇಪ್ಪತ್ತು ಲಕ್ಷ ಬಂತಂತೆ, ಎಲ್ಲಿ ಹೋಯಿತು?" ಎಂಬ ಮಾತು ಮುಂದೆ ಹುಟ್ಟುವುದಿಲ್ಲ.

ಈಗ ಸ್ವಂತ ಸಂಪನ್ಮೂಲದ ಅಂದಾಜಿಗೆ ಬರೋಣ. ನಾವು ಹೆಚ್ಚಾಗಿ ತಪ್ಪುವುದು ಇಲ್ಲಿಯೇ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಹಳೆಯ ಬಾಕಿಯೂ ಸೇರಿ ಪಂಚಾಯತಿಯ ತೆರಿಗೆ ಬೇಡಿಕೆ 12 ಲಕ್ಷ ರೂಪಾಯಿ ಎನ್ನೋಣ. ಕಳೆದ ವರ್ಷ ವಸೂಲಾದದ್ದು 7 ಲಕ್ಷ. ಆದರೆ ಆಯವ್ಯಯದ ಜಮೆಯ ಕಾಲಮ್ಮಿನಲ್ಲಿ ನಾವು 12 ಲಕ್ಷವನ್ನೇ ಬರೆಯುತ್ತೇವೆ. ಹಾಗೆ ಬರೆದರೆ ಎಲ್ಲ ಸದಸ್ಯರ ಬೇಡಿಕೆಗಳನ್ನೂ ಒಳಗೊಳ್ಳಬಹುದು, ಸಭೆ ಗದ್ದಲವಿಲ್ಲದೆ ಮುಗಿಯುತ್ತದೆ. ವೇತನದ ಪಾಲು, ವಿದ್ಯುತ್ ಬಿಲ್ಲು, ಪಂಪು ದುರಸ್ತಿ, ಕಚೇರಿ ವೆಚ್ಚ ಇವುಗಳಿಗೆ ಆರೂವರೆ ಲಕ್ಷ ಬೇಕು. ಉಳಿದ ಐದೂವರೆ ಲಕ್ಷವನ್ನು ಐದು ಹಳ್ಳಿಗಳ ಕೆಲಸಗಳಿಗೆ ಹಂಚುತ್ತೇವೆ. ಎಲ್ಲರೂ ಸಂತೋಷದಿಂದ ಚಹಾ ಕುಡಿದು ಮನೆಗೆ ಹೋಗುತ್ತಾರೆ.

ವರ್ಷಾಂತ್ಯಕ್ಕೆ ಈ ಬಾರಿಯೂ 7 ಲಕ್ಷವೇ ವಸೂಲಾಗುತ್ತದೆ. ವಿದ್ಯುತ್ ಬಿಲ್ಲು ಕಾಯುವುದಿಲ್ಲ, ನೀರುಗಂಟಿಯ ಮನೆಯ ಒಲೆ ಕಾಯುವುದಿಲ್ಲ. ಆರೂವರೆ ಲಕ್ಷ ಖರ್ಚಾದ ಮೇಲೆ ಕೆಲಸಗಳಿಗೆ ಉಳಿಯುವುದು ಐವತ್ತು ಸಾವಿರ. ಐದೂವರೆ ಲಕ್ಷದ ಆಸೆಗೆ ಐವತ್ತು ಸಾವಿರ! ಅದು ಯಾರಿಗೆ ಸಿಗುತ್ತದೆ? ಪಂಚಾಯತಿ ಕಚೇರಿಗೆ ದಿನವೂ ಬಂದು ಕೇಳಬಲ್ಲವರಿಗೆ ಸಿಗುತ್ತದೆ. ಕೂಲಿಗೆ ಹೋಗುವವರು, ಕಚೇರಿಯಿಂದ ದೂರವಿರುವ ಹಟ್ಟಿಯವರು, ಧ್ವನಿ ಎತ್ತಿ ಅಭ್ಯಾಸವಿಲ್ಲದವರು ಕೈ ಬಿಟ್ಟುಹೋಗುತ್ತಾರೆ. ಆ ಅಜ್ಜಿಯ ಕೇರಿಯ ನಲ್ಲಿ ನನ್ನ ಆಯವ್ಯಯದಲ್ಲಿ ಕಳೆದುಹೋದದ್ದು ಹೀಗೆಯೇ. ಬರದ ಹಣವನ್ನು ನಾನು ಬರೆದಿದ್ದೆ. ಅದರ ಬೆಲೆಯನ್ನು ಅವರು ತೆತ್ತರು.

ಆದ್ದರಿಂದ ಕರಡು ಆಯವ್ಯಯ ತಮ್ಮ ಕೈಗೆ ಬಂದಾಗ ಮೊದಲು ಒಂದು ಪ್ರಶ್ನೆ ಕೇಳಿ: "ಕಳೆದ ಮೂರು ವರ್ಷಗಳಲ್ಲಿ ಬೇಡಿಕೆ ಎಷ್ಟಿತ್ತು, ವಸೂಲಿ ಎಷ್ಟಾಯಿತು, ಬಾಕಿ ಎಷ್ಟು ಉಳಿಯಿತು?" ಈ ತಖ್ತೆಯನ್ನು ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳು ತಮಗೆ ಒದಗಿಸಬೇಕು. ವಸೂಲಿಯ ವಾಸ್ತವವನ್ನು ಆಧರಿಸಿ, ಅದಕ್ಕಿಂತ ಸ್ವಲ್ಪವೇ ಹೆಚ್ಚಿನ ಗುರಿಯನ್ನು ಇಟ್ಟುಕೊಳ್ಳಿ. ಬಾಕಿಯ ಪಟ್ಟಿಯನ್ನೂ ನೋಡಿ. ದೊಡ್ಡ ಮೊತ್ತದ ಬಾಕಿ ಯಾರದೆಂದು ನೋಡದೆ ಬಡವರ ಮನೆ ಬಾಗಿಲಿಗೆ ಮಾತ್ರ ಕರ ವಸೂಲಿಗಾರರನ್ನು ಕಳುಹಿಸುವುದು ನ್ಯಾಯವಲ್ಲ.

ಖರ್ಚಿನ ಭಾಗದಲ್ಲಿ ಅನುಸರಿಸಬೇಕಾದ ಕ್ರಮ ಸರಳವಾದುದು. ತಪ್ಪಿಸಲಾಗದ ವೆಚ್ಚಗಳು ಮೊದಲು. ಬಳಿಕ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ವಿಕಲಚೇತನರ ಕಲ್ಯಾಣಕ್ಕೆ ಮೀಸಲಿಡಲೇಬೇಕಾದ ಪಾಲು. ಅದು ಯಾರ ಉಪಕಾರವೂ ಅಲ್ಲ. ಮೊದಲೇ ತೆಗೆದಿಟ್ಟು, ಅದರಿಂದ ಮಾಡುವ ಕೆಲಸದ ಹೆಸರು ಮತ್ತು ಸ್ಥಳವನ್ನು ಅಲ್ಲಿಯೇ ಬರೆಯಬೇಕು. ಅನಂತರ ವಾರ್ಡ್ ಸಭೆಗಳಲ್ಲಿ ಬಂದ ಬೇಡಿಕೆಗಳು. ಅಧಿನಿಯಮವು ವಾರ್ಡ್ ಸಭೆಯನ್ನು ಗ್ರಾಮ ಸಭೆಗಿಂತ ಕೆಳಗಿನ ಹಂತದಲ್ಲಿ ಇರಿಸಿರುವ ಉದ್ದೇಶವೇ ಇದು: ಬೇಡಿಕೆ ಕೇರಿಯಿಂದ ಮೇಲಕ್ಕೆ ಬರಬೇಕು. ಬೇಡಿಕೆ ಪಟ್ಟಿಯಲ್ಲಿ ಮೂವತ್ತು ಕೆಲಸಗಳಿದ್ದು ಹಣ ಎಂಟಕ್ಕೆ ಮಾತ್ರ ಸಾಲುವುದಾದರೆ, ಆ ಎಂಟನ್ನು ಏಕೆ ಆರಿಸಿದೆವು ಎಂಬ ಕಾರಣವನ್ನೂ ನಡವಳಿಯಲ್ಲಿ ಬರೆಯಿರಿ.

ಇನ್ನು ಪ್ರಚಾರದ ವಿಷಯ. ಆಯವ್ಯಯವನ್ನು ಜನರಿಗೆ ತಿಳಿಸುವುದು ಅನುಮೋದನೆಯಾದ ಮೇಲೆ ಮಾಡುವ ಕೆಲಸವೆಂದು ನಾವು ಭಾವಿಸಿದ್ದೇವೆ. ಬೇರೆ ದೇಶಗಳ ಸ್ಥಳೀಯ ಸರ್ಕಾರಗಳೂ ಇದೇ ಪ್ರಶ್ನೆಯನ್ನು ಎದುರಿಸಿವೆ. ಕೀನ್ಯಾ ದೇಶದಲ್ಲಿ 2010ರ ಸಂವಿಧಾನದಂತೆ 47 ಕೌಂಟಿ ಸರ್ಕಾರಗಳಿವೆ. ಅವು ಹೆಚ್ಚು ಕಡಿಮೆ ನಮ್ಮ ಜಿಲ್ಲಾಮಟ್ಟದ ಆಡಳಿತಗಳು. ಅಲ್ಲಿನ ಹಣಕಾಸು ವರ್ಷ ಜುಲೈ 1ಕ್ಕೆ ಆರಂಭವಾಗುತ್ತದೆ. 2012ರಲ್ಲಿ ಜಾರಿಗೆ ಬಂದ ಸಾರ್ವಜನಿಕ ಹಣಕಾಸು ನಿರ್ವಹಣಾ ಕಾನೂನಿನಂತೆ ಆಯವ್ಯಯದ ಅಂದಾಜುಗಳನ್ನು ಏಪ್ರಿಲ್ 30ರೊಳಗೆ ಕೌಂಟಿ ಸಭೆಯ ಮುಂದೆ ಇಡಬೇಕು. ಆ ಅಂದಾಜುಗಳನ್ನು ಸಾಮಾನ್ಯ ಜನರಿಗೆ ಸ್ಪಷ್ಟವಾಗಿ ಅರ್ಥವಾಗುವಂತೆ ಮತ್ತು ಸುಲಭವಾಗಿ ಸಿಗುವಂತೆ ಪ್ರಕಟಿಸಬೇಕು ಎಂದೂ ಕಾನೂನು ವಿಧಿಸುತ್ತದೆ. ಬರೀ ಪ್ರಕಟಿಸಿದರೆ ಸಾಲದು, ಅರ್ಥವಾಗಬೇಕು, ಕೈಗೆ ಸಿಗಬೇಕು ಎಂಬುದು ಅದರ ಆಶಯ.

ನಮ್ಮಲ್ಲಿಯೂ ಈ ಆಶಯಕ್ಕೆ ಕಾನೂನಿನ ಬಲವಿದೆ. ಮಾಹಿತಿ ಹಕ್ಕು ಅಧಿನಿಯಮ, 2005ರ 4(1)(ಬಿ) ಪ್ರಕರಣದಂತೆ ಹಂಚಿಕೆಯಾದ ಆಯವ್ಯಯ, ಉದ್ದೇಶಿತ ವೆಚ್ಚ ಮತ್ತು ಬಿಡುಗಡೆಯಾದ ಹಣದ ವಿವರಗಳನ್ನು ಯಾರೂ ಅರ್ಜಿ ಹಾಕದೆಯೇ ಪ್ರಕಟಿಸಬೇಕು. ನಮ್ಮ ವಿವರಗಳು ಜಾಲತಾಣದಲ್ಲಿ ಇರುತ್ತವೆ ಎಂಬುದು ನಿಜ. ಆದರೆ ಜಾಲತಾಣದಲ್ಲಿ ಇದೆ ಎಂದ ಮಾತ್ರಕ್ಕೆ ಆ ಅಜ್ಜಿಗೆ ತಿಳಿಯಿತು ಎಂದಾಗುವುದಿಲ್ಲ.

ಆದ್ದರಿಂದ ಊರಿಗೆ ಮೂರು ಸಲ ತಿಳಿಸಬೇಕೆಂದು ನಾನು ಕೋರುತ್ತೇನೆ. ಮೊದಲ ಸಲ, ಕರಡು ಸಿದ್ಧವಾದಾಗ. ಆಗ ಮಾತ್ರ ಜನರ ಮಾತಿಗೆ ಆಯವ್ಯಯವನ್ನು ಬದಲಿಸುವ ಶಕ್ತಿ ಇರುತ್ತದೆ. ಎರಡನೆಯ ಸಲ, ಅನುಮೋದನೆಯಾದಾಗ. ಆಗ ಲೆಕ್ಕಶೀರ್ಷಿಕೆಗಳ ಪಟ್ಟಿಯ ಜೊತೆಗೆ ಒಂದೇ ಹಾಳೆಯಲ್ಲಿ ಹಳ್ಳಿವಾರು ಪಟ್ಟಿ ಮಾಡಿ: ಯಾವ ಹಳ್ಳಿ, ಯಾವ ಕೇರಿ, ಯಾವ ಕೆಲಸ, ಎಷ್ಟು ಹಣ, ಯಾವ ನಿಧಿಯಿಂದ, ಯಾವ ತಿಂಗಳೊಳಗೆ. ಅಕ್ಷರಗಳು ದೊಡ್ಡದಾಗಿರಲಿ. ಆ ಹಾಳೆ ಪಂಚಾಯತಿಯ ಸೂಚನಾ ಫಲಕಕ್ಕೆ ಮಾತ್ರ ಸೀಮಿತವಾಗದೆ, ಜನ ದಿನವೂ ನಿಲ್ಲುವ ಸ್ಥಳಗಳಿಗೆ ಹೋಗಲಿ: ಹಾಲಿನ ಡೈರಿ, ನ್ಯಾಯಬೆಲೆ ಅಂಗಡಿ, ಅಂಗನವಾಡಿ, ಗ್ರಂಥಾಲಯ, ಬಸ್ ನಿಲ್ದಾಣ. ಓದಲಾಗದವರಿಗಾಗಿ ಸ್ವಸಹಾಯ ಸಂಘಗಳ ಸಭೆಯಲ್ಲಿ ಗಟ್ಟಿಯಾಗಿ ಓದಿಸಿ. ಕೈಬಿಟ್ಟ ಕೆಲಸಗಳ ಹೆಸರನ್ನೂ ಕಾರಣವನ್ನೂ ಹಾಳೆಯ ಕೆಳಭಾಗದಲ್ಲಿ ಬರೆಯಿರಿ. "ಈ ವರ್ಷ ಆಗುವುದಿಲ್ಲ" ಎಂದು ಹೇಳಲು ಧೈರ್ಯ ಬೇಕು. ಆದರೆ ಕಾರಣ ತಿಳಿದವರು ಮುಂದಿನ ವರ್ಷದ ಸಭೆಗೂ ಬರುತ್ತಾರೆ, "ನೋಡೋಣ" ಎಂಬ ಉತ್ತರ ಪಡೆದವರು ಬರುವುದಿಲ್ಲ.

ಮೂರನೆಯ ಸಲ, ಖರ್ಚಾದ ಮೇಲೆ. ಪ್ರತಿವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ನಡುವೆ ನಡೆಯುವ ಜಮಾಬಂದಿಗೆ ಅದೇ ಹಳ್ಳಿವಾರು ಹಾಳೆಯನ್ನು ತನ್ನಿ. ಬರೆದದ್ದು ಎಷ್ಟು, ಆದದ್ದು ಎಷ್ಟು ಎಂದು ಪಕ್ಕಪಕ್ಕದಲ್ಲಿ ತೋರಿಸಿ. ಕಡತಗಳ ರಾಶಿಯ ಮುಂದೆ ಮೌನವಾಗುವ ಜನರು ತಮ್ಮ ಕೇರಿಯ ಸಾಲನ್ನು ಕಂಡಾಗ ಮಾತನಾಡುತ್ತಾರೆ.

ಇದಕ್ಕೆಲ್ಲ ಸಮಯವೆಲ್ಲಿದೆ ಎಂದು ತಾವು ಕೇಳಬಹುದು. ನಮ್ಮ ಅಧಿನಿಯಮದಂತೆ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯರಿದ್ದಾರೆ. 400 ಜನರೆಂದರೆ ಹೆಚ್ಚು ಕಡಿಮೆ ನೂರು ಮನೆಗಳು. ಮತ ಕೇಳಲು ತಾವು ಆ ನೂರು ಮನೆಗಳಿಗೂ ಹೋಗಿದ್ದೀರಿ. ಒಂದೇ ಮನೆಗೆ ಮೂರು ಮೂರು ಸಲ ಹೋದವರೂ ಈ ಸಭೆಯಲ್ಲಿ ಇದ್ದೀರಿ. ಅದೇ ಕಾಲುದಾರಿಯಲ್ಲಿ, ಕೈಯಲ್ಲಿ ಒಂದು ಹಾಳೆ ಹಿಡಿದು, ವರ್ಷಕ್ಕೊಮ್ಮೆ ನಡೆಯಿರಿ ಎಂಬುದಷ್ಟೇ ನನ್ನ ವಿನಂತಿ. ವಿಧಾನಸೌಧದ ಆಯವ್ಯಯವನ್ನು ಮಂಡಿಸುವವರಿಗೆ ತಮ್ಮ ಪ್ರತಿಯೊಬ್ಬ ಮತದಾರನ ಮನೆ ಬಾಗಿಲಿಗೆ ಹೋಗಿ ಅದನ್ನು ವಿವರಿಸುವ ಅವಕಾಶವಿಲ್ಲ. ತಮಗೆ ಆ ಅವಕಾಶವಿದೆ.

ಆ ಅಜ್ಜಿ ಮುಂದಿನ ವರ್ಷದ ಗ್ರಾಮ ಸಭೆಗೆ ಬರಲಿಲ್ಲ. ಅವರ ಕೇರಿಯವರು ಯಾರೂ ಬರಲಿಲ್ಲ. ಕಾರಣವನ್ನು ನಾನು ಕೇಳಬೇಕಾಗಿರಲಿಲ್ಲ. ಆ ವರ್ಷ ಕರಡು ಬರೆಯುವ ಮುನ್ನ ನಾನೇ ಆ ಕೇರಿಗೆ ಹೋದೆ. ವಸೂಲಾಗುವಷ್ಟನ್ನೇ ಜಮೆಯಲ್ಲಿ ಬರೆದು, ಇತರ ಕೆಲಸಗಳನ್ನು ಕಡಿಮೆ ಮಾಡಿ, ಆ ಕೇರಿಯ ನಲ್ಲಿಗೆ ಒಂದು ಪ್ರತ್ಯೇಕ ಸಾಲನ್ನು ಬರೆದೆವು. ಸಭೆಯಲ್ಲಿ ಸಾಕಷ್ಟು ಗದ್ದಲವಾಯಿತು. ಆದರೆ ಮಳೆಗಾಲಕ್ಕೆ ಮೊದಲು ನಲ್ಲಿ ಬಂತು. ಒಟ್ಟು ಮೊತ್ತದಲ್ಲಿ ನೋಡಿದರೆ ಅದು ನಾನು ಬರೆದ ಆಯವ್ಯಯಗಳಲ್ಲೇ ಅತಿ ಚಿಕ್ಕದು. ಆದರೆ ಅದರ ಪ್ರತಿಯೊಂದು ಸಾಲಿಗೂ ನನ್ನ ಬಳಿ ಉತ್ತರವಿತ್ತು.

ಈ ಮಾರ್ಚ್ 10ರೊಳಗೆ ತಮ್ಮ ಪಂಚಾಯತಿಯ ಆಯವ್ಯಯಕ್ಕೆ ಅನುಮೋದನೆ ನೀಡುವ ಮುನ್ನ, ತಮ್ಮ ವಾರ್ಡಿನ ಕೊನೆಯ ಮನೆಯ ಒಬ್ಬರನ್ನು ಮನಸ್ಸಿನಲ್ಲಿ ತಂದುಕೊಂಡು, ಅವರು ಕೇಳಬಹುದಾದ ಪ್ರಶ್ನೆಗೆ ಆ ಹಾಳೆಯಲ್ಲಿ ಉತ್ತರವಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ.