ಸೋತ ಆಟವನ್ನು ಓದುವ ಬಗೆ



‘ಅನಿಶ್ಚಿತತೆ ಮತ್ತು ನಿರ್ಧಾರ’ ಎಂಬ ಈ ಸಂಕಿರಣಕ್ಕೆ ಆಶಯದ ಮಾತುಗಳನ್ನಾಡಲು ಸಂಖ್ಯಾಶಾಸ್ತ್ರ ವಿಭಾಗ ನನ್ನನ್ನು ಕರೆದಿದೆ. ಬಹುಕಾಲದಿಂದ ನನ್ನೊಳಗೆ ಬೇರೂರಿರುವ ಒಂದು ನಂಬಿಕೆಯನ್ನು ನಿಮ್ಮ ಮುಂದೆ ಇಡುತ್ತೇನೆ. ಒಂದು ಪ್ರಯೋಗ ಸಾವಿರ ಸಲ ನಡೆದರೆ ಏನಾಗುತ್ತದೆಂದು ನಮ್ಮ ಶಾಸ್ತ್ರ ಸೊಗಸಾಗಿ ಹೇಳುತ್ತದೆ. ಒಂದೇ ಸಲ ಆಡಿ, ಸೋತು, ಎದುರಿಗೆ ಬಂದು ನಿಂತವನಿಗೆ ಏನು ಹೇಳಬೇಕೆಂಬುದನ್ನು ಮಾತ್ರ ಅದು ಇನ್ನೂ ಕಲಿತಿಲ್ಲ.

ಹೀಗೆ ಬಂದು ನಿಂತವನು ನನ್ನ ಹಳೆಯ ವಿದ್ಯಾರ್ಥಿ. ಲಾಸ್ ವೇಗಸ್‌ನಲ್ಲಿ 1970ರಿಂದ ನಡೆಯುತ್ತಿರುವ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಸ್ಪರ್ಧೆಗೆ ಹೋಗಿದ್ದ. ಪ್ರವೇಶ ಶುಲ್ಕ 10,000 ಡಾಲರ್. ಕೈಗೆ ಕೊಡುವುದು 60,000 ಚಿಪ್ಸ್. ಅವು ಮುಗಿದರೆ ಆ ವರ್ಷದ ಆಟವೂ ಮುಗಿಯಿತು. 2024ರಲ್ಲಿ ಅಲ್ಲಿ ಆಡಿದವರು 10,112 ಜನ. ಹಣ ಸಿಗುವುದು ಸುಮಾರು ನೂರಕ್ಕೆ ಹದಿನೈದು ಮಂದಿಗೆ. ನಮ್ಮ ಹುಡುಗ ಆ ಗೆರೆ ತಲುಪಲು ತುಸುವೇ ಬಾಕಿಯಿರುವಾಗ ಹೊರಬಿದ್ದಿದ್ದ. ಒಂದು ನೋಟ್‌ಬುಕ್ ತಂದಿದ್ದ. ಅದರಲ್ಲಿ ಸೋತ ಹ್ಯಾಂಡ್‌ಗಳೆಲ್ಲ, ಅಂದರೆ ಸೋತ ಒಂದೊಂದು ಸುತ್ತೂ, ಅಚ್ಚುಕಟ್ಟಾಗಿ ಇದ್ದವು. ಗೆದ್ದವು ಒಂದೂ ಇರಲಿಲ್ಲ, ಆಡದೆ ಎಲೆ ಮಡಚಿದವು ಮೊದಲೇ ಇರಲಿಲ್ಲ. “ಸರ್, ನಾನು ಆಡಿದ್ದು ಸರಿಯೋ ತಪ್ಪೋ ಹೇಳಿ” ಎಂದ. ಅಂದಿನಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ.

ಪೋಕರ್ ಮತ್ತು ನಮ್ಮ ಶಾಸ್ತ್ರದ ನಂಟು ಹಳೆಯದು. 1944ರಲ್ಲಿ ಫಾನ್ ನಾಯ್ಮನ್ ಮತ್ತು ಮಾರ್ಗೆನ್‌ಸ್ಟರ್ನ್ ಬರೆದ ಗ್ರಂಥದಲ್ಲಿ ಪೋಕರ್‌ನ ಬ್ಲಫ್ ಗಣಿತವಾಯಿತು. 2015ರಲ್ಲಿ ಆಲ್ಬರ್ಟಾ ವಿಶ್ವವಿದ್ಯಾಲಯದವರು ಇಬ್ಬರೇ ಆಡುವ, ಪಣಕ್ಕೆ ಮಿತಿಯಿರುವ ಪೋಕರ್ ಅನ್ನು ಬಿಡಿಸಿಟ್ಟರು. ಇವನ್ನೆಲ್ಲ ನನಗಿಂತ ಚೆನ್ನಾಗಿ ಬಲ್ಲವರು ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ; ನಾಳೆಯ ಗೋಷ್ಠಿ ಅವರದು. ನಾನು ಅದರಲ್ಲಿ ಒಂದೇ ಸಂಗತಿ ಎತ್ತಿಕೊಳ್ಳುತ್ತೇನೆ. 2015ರಲ್ಲಿ ಕಾರ್ನೆಗೀ ಮೆಲನ್ ವಿಶ್ವವಿದ್ಯಾಲಯದ ಕ್ಲಾಡಿಕೊ ಎಂಬ ಕಂಪ್ಯೂಟರ್ ಪ್ರೋಗ್ರಾಂ ನಾಲ್ವರು ವೃತ್ತಿಪರರ ಎದುರು 80,000 ಹ್ಯಾಂಡ್ ಆಡಿ ಹಿಂದೆ ಬಿತ್ತು. ಅಷ್ಟು ಆಡಿದರೂ, ಯಾರು ಮೇಲು ಎಂದು ಖಚಿತವಾಗಿ ಹೇಳಲು ಆ ಅಂತರ ಸಾಲದು ಎಂಬುದು ಅದನ್ನು ಕಟ್ಟಿದವರ ನಿಲುವಾಗಿತ್ತು. 2017ರಲ್ಲಿ ಅಲ್ಲಿಯದೇ ಲಿಬ್ರಾಟಸ್ 1,20,000 ಹ್ಯಾಂಡ್ ಆಡಿ ಗೆದ್ದ ಮೇಲೆ ಅನುಮಾನ ಉಳಿಯಲಿಲ್ಲ. ಯಂತ್ರದ ಯೋಗ್ಯತೆ ಅಳೆಯಲು ಲಕ್ಷ ಹ್ಯಾಂಡ್ ಕೇಳುವ ನಾವು, ಮನುಷ್ಯನ ಯೋಗ್ಯತೆಯನ್ನು ಅವನು ಕಡೆಗೆ ಆಡಿದ ಒಂದು ಹ್ಯಾಂಡ್ ನೋಡಿ ತೀರ್ಮಾನಿಸುತ್ತೇವೆ.

ಒಂದು ಸಣ್ಣ ಲೆಕ್ಕ ಹಾಕೋಣ. ಸಾಧಾರಣ ಆಟಗಾರನಿಗೆ ಹಣದ ಗೆರೆ ದಾಟುವ ಸಂಭಾವ್ಯತೆ ಶೇಕಡಾ 15 ಎನ್ನಿ, ಪಳಗಿದವನಿಗೆ ಶೇಕಡಾ 20 ಎನ್ನಿ. ಒಂದು ವರ್ಷ ಬರಿಗೈಯಲ್ಲಿ ಮರಳುವ ಸಂಭಾವ್ಯತೆ ಮೊದಲನೆಯವನಿಗೆ 85, ಎರಡನೆಯವನಿಗೆ 80. ಅಂದರೆ ಒಂದು ವರ್ಷದ ನಿರಾಸೆ ಇವರಿಬ್ಬರನ್ನು ಬೇರ್ಪಡಿಸುವುದೇ ಇಲ್ಲ. ಸತತ ಹತ್ತು ವರ್ಷ ಬರಿಗೈಯಾಗುವ ಸಂಭಾವ್ಯತೆ ಸಾಧಾರಣನಿಗೆ ಸುಮಾರು ಶೇಕಡಾ 20, ಪಳಗಿದವನಿಗೆ ಸುಮಾರು ಶೇಕಡಾ 11. ಒಂದು ದಶಕ ಸೋತು ಬಂದವನ ಬಗ್ಗೆಯೂ ನಮ್ಮ ಪುರಾವೆ ಎರಡು ಪಟ್ಟನ್ನು ಮುಟ್ಟುವುದಿಲ್ಲ. ಇನ್ನು ಪ್ರಶಸ್ತಿಯ ಮಾತು: ಹತ್ತು ಸಾವಿರ ಜನರ ನಡುವೆ ಸರಾಸರಿಯವನಿಗಿಂತ ಎರಡು ಪಟ್ಟು ಅವಕಾಶ ಇರುವವನು ಸರಾಸರಿ ಐದು ಸಾವಿರ ವರ್ಷಕ್ಕೊಮ್ಮೆ ಗೆಲ್ಲಬೇಕು. ಯಾಕೋಬ್ ಬರ್ನುಲಿಯ ಬೃಹತ್ ಸಂಖ್ಯೆಗಳ ನಿಯಮ ಅಚ್ಚಾದದ್ದು 1713ರಲ್ಲಿ. ಆ ನಿಯಮ ನೆರವಿಗೆ ಬರುವಷ್ಟು ಆಯುಸ್ಸು ಯಾವ ಆಟಗಾರನಿಗೂ ಇಲ್ಲ.

ಆ ಹುಡುಗನಿಗೆ ನಾನು ಅದೇ ಸ್ಪರ್ಧೆಯ 2003ರ ಒಂದು ಹ್ಯಾಂಡ್‌ನ ಕತೆ ಹೇಳಿದೆ. 839 ಜನರ ಕಣದಲ್ಲಿ ಕೊನೆಗೆ ಹತ್ತು ಮಂದಿ ಉಳಿದಿದ್ದರು. ವೃತ್ತಿಪರ ಆಟಗಾರ ಫಿಲ್ ಐವಿ ಕೈಯಲ್ಲಿ ಒಂಬತ್ತರ ಜೋಡಿ, ಕ್ರಿಸ್ ಮನಿಮೇಕರ್ ಕೈಯಲ್ಲಿ ಎಕ್ಕ ಮತ್ತು ರಾಣಿ. ಮೇಜಿನ ಮೇಲೆ ಎರಡು ರಾಣಿ, ಒಂದು ಆರು. ನಾಲ್ಕನೆಯದಾಗಿ ಇನ್ನೊಂದು ಒಂಬತ್ತು ಬಿದ್ದಾಗ ಐವಿಗೆ ಮನಿಮೇಕರ್‌ನ ಮೂರು ರಾಣಿಯನ್ನು ಮೀರಿಸುವ ಫುಲ್ ಹೌಸ್ ಆಯಿತು: ಮೂರು ಒಂಬತ್ತು, ಎರಡು ರಾಣಿ. ಐವಿಯ ಬಳಿಯಿದ್ದ ಚಿಪ್ಸ್ ಎಲ್ಲವೂ ಪಣಕ್ಕೆ ಬಂದವು. ಇಬ್ಬರ ಕೈಯನ್ನೂ ಕಂಡ ನಮ್ಮ ಲೆಕ್ಕದಲ್ಲಿ ಉಳಿದ 44 ಎಲೆಗಳಲ್ಲಿ ಮನಿಮೇಕರ್‌ನನ್ನು ಗೆಲ್ಲಿಸಬಲ್ಲವು ಏಳೇ. ಬಂದದ್ದು ಎಕ್ಕ. ಐವಿ ಹತ್ತನೆಯವನಾಗಿ ಎದ್ದುಹೋದ. ಟೆನ್ನೆಸೀಯ ಲೆಕ್ಕಿಗ ಮನಿಮೇಕರ್ 25 ಲಕ್ಷ ಡಾಲರ್ ಗೆದ್ದ, ಅವನ ಗೆಲುವು ಜಗತ್ತಿನಾದ್ಯಂತ ಪೋಕರ್‌ನ ಹುಚ್ಚು ಹಬ್ಬಿಸಿತು. ಆ ಕ್ಷಣದ ಐವಿಯ ನಿರ್ಧಾರದಲ್ಲಿ ನಾನು ಒಂದು ಕೂದಲೆಳೆಯಷ್ಟೂ ತಪ್ಪು ಕಾಣಲಾರೆ. ಫಲಿತಾಂಶ ನೋಡಿ ನಿರ್ಧಾರಕ್ಕೆ ಅಂಕ ಕೊಡುವ ಈ ಚಾಳಿಯನ್ನು ಬ್ಯಾರನ್ ಮತ್ತು ಹರ್ಷಿ 1988ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ.

ಈ ಗೊಂದಲ ನ್ಯಾಯಾಲಯಗಳನ್ನೂ ತಟ್ಟಿದೆ. 1967ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯನ್ನು ಬಹುಮಟ್ಟಿಗೆ ಕೌಶಲದ ಆಟವೆಂದಿತು. 2022ರ ಫೆಬ್ರವರಿ 14ರಂದು ಕರ್ನಾಟಕ ಹೈಕೋರ್ಟ್ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ್ದ 2021ರ ಪೊಲೀಸ್ ತಿದ್ದುಪಡಿ ಕಾಯ್ದೆಯ ಕಲಮುಗಳನ್ನು ರದ್ದುಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು, ಕೌಶಲವಿರಲಿ ಅದೃಷ್ಟವಿರಲಿ, ಹಣವಿಟ್ಟು ಆಡುವ ಆನ್‌ಲೈನ್ ಆಟಗಳೆಲ್ಲವನ್ನೂ ನಿಷೇಧಿಸಿತು. ಮನೆ ಮುಳುಗಿಸುವ ಆಟಕ್ಕೆ ಕಡಿವಾಣ ಬೇಕು. ಅದರಲ್ಲಿ ನನಗೆ ಎರಡನೇ ಮಾತಿಲ್ಲ. ಆದರೆ ಕೌಶಲವೋ ಅದೃಷ್ಟವೋ ಎಂದು ಅರ್ಧ ಶತಮಾನ ವಾದ ನಡೆದಾಗ, ‘ಎಷ್ಟು ಆಟಗಳಲ್ಲಿ’ ಎಂದು ಕೇಳದೆ ಉತ್ತರ ಹೇಳಲಾಗದು ಎಂದು ಗಟ್ಟಿಯಾಗಿ ಹೇಳಬೇಕಾದವರು ನಾವು. 2010ರ ವರ್ಲ್ಡ್ ಸೀರೀಸ್ ಅಂಕಿಅಂಶ ಹಿಡಿದು ಲೆವಿಟ್ ಮತ್ತು ಮೈಲ್ಸ್ ತೋರಿಸಿದ್ದು ಇದನ್ನೇ: ಮೊದಲೇ ನುರಿತವರೆಂದು ಗುರುತಿಸಿದವರ ಸರಾಸರಿ ಲಾಭ ಶೇಕಡಾ 30ಕ್ಕೂ ಹೆಚ್ಚು, ಉಳಿದವರಿಗೆ ಶೇಕಡಾ 15ರಷ್ಟು ನಷ್ಟ. ಗುಂಪಿನಲ್ಲಿ ಕೌಶಲ ಎದ್ದು ಕಾಣುತ್ತದೆ, ಒಬ್ಬನ ಒಂದು ಸ್ಪರ್ಧೆಯಲ್ಲಿ ಅದು ಮರೆಯಾಗುತ್ತದೆ.

  ಇನ್ನೊಂದು ಪ್ರಸಂಗಕ್ಕೆ ಅಪ್ಪಣೆ ಕೋರುತ್ತೇನೆ.

ಮಹಾಭಾರತದ ವನಪರ್ವದಲ್ಲಿ, ಜೂಜಿನಲ್ಲಿ ಸೋತು ಕಾಡು ಸೇರಿದ ಧರ್ಮರಾಯನಿಗೆ ಬೃಹದಶ್ವ ಋಷಿ ನಳನ ಕತೆ ಹೇಳುತ್ತಾನೆ. ರಾಜ ಋತುಪರ್ಣ ತಾರೆಮರದ ಎಲೆ, ಕಾಯಿಗಳ ಲೆಕ್ಕವನ್ನು ಕಣ್ಣಳತೆಯಲ್ಲೇ ಹೇಳಿ, ನಳನಿಗೆ ಅಕ್ಷಹೃದಯವನ್ನು, ಅಂದರೆ ದಾಳದ ಮರ್ಮವನ್ನು, ಕಲಿಸುತ್ತಾನೆ. ಆ ವಿದ್ಯೆ ಹೊತ್ತು ಮರಳಿದ ನಳ, ಹಿಂದೆ ತನ್ನನ್ನು ಜೂಜಿನಲ್ಲಿ ಸೋಲಿಸಿದ್ದ ಪುಷ್ಕರನೊಂದಿಗೆ ಒಂದೇ ಆಟಕ್ಕೆ ಎಲ್ಲವನ್ನೂ ಪಣವಿಟ್ಟು ಗೆಲ್ಲುತ್ತಾನೆ. ನನ್ನ ಪ್ರಶ್ನೆ ಇದು: ಆ ಒಂದು ಆಟದಲ್ಲಿ ದಾಳ ತಿರುಗಿಬಿದ್ದಿದ್ದರೆ, ನಳ ವಿದ್ಯೆ ಕಲಿತಿರಲಿಲ್ಲ ಎಂದು ನಾವು ಹೇಳುತ್ತಿದ್ದೆವೇ? ಕಲಿತಿದ್ದ ಎಂದು ಯಾವ ಆಧಾರದ ಮೇಲೆ ತೋರಿಸುತ್ತಿದ್ದೆವು? ಕೆಲವೇ ಪ್ರಯತ್ನಗಳ ಒಂದು ಬದುಕಿನಲ್ಲಿ ಒಳ್ಳೆಯ ನಿರ್ಧಾರವನ್ನು ಗುರುತಿಸುವುದು ಹೇಗೆ? ನನಗೆ ಪೂರ್ಣ ಉತ್ತರ ಸಿಕ್ಕಿಲ್ಲ.

ಪೋಕರ್ ಆಟಗಾರನಷ್ಟೇ ಈ ಪ್ರಶ್ನೆಗೆ ಸಿಕ್ಕಿಕೊಂಡವನಲ್ಲ. ಬಯಲುಸೀಮೆಯ ರೈತ ಮುಂಗಾರಿಗೆ ಒಮ್ಮೆ ಬಿತ್ತುತ್ತಾನೆ. ಅವನ ಜೀವಮಾನಕ್ಕೆ ಸಿಗುವುದು ಕೆಲವು ಡಜನ್ ಮಳೆಗಾಲ. ಬೆಳೆ ಒಣಗಿದರೆ ಊರು ಅವನ ತಿಳಿವಳಿಕೆಯನ್ನೇ ಹಳಿಯುತ್ತದೆ. ಸರಾಸರಿಯ ಸಮಾಧಾನ ಅವನ ಕಣಜ ತುಂಬುವುದಿಲ್ಲ.

ದಾರಿಯ ಒಂದು ತುದಿಯಾದರೂ ನಮಗೆ ಕಾಣುತ್ತಿದೆ. 1950ರಲ್ಲಿ ಗ್ಲೆನ್ ಬ್ರಯರ್ ಹವಾಮಾನ ಮುನ್ಸೂಚನೆಗಳಿಗೆ ಅಂಕ ಕೊಡುವ ಸೂತ್ರ ಕಟ್ಟಿದರು. ಮಳೆ ಬರುವ ಸಂಭಾವ್ಯತೆಯನ್ನು ಮೊದಲೇ ಬರೆದಿಟ್ಟು, ಆಮೇಲೆ ಆಕಾಶದೊಂದಿಗೆ ತಾಳೆ ನೋಡುವ ಶಿಸ್ತು ಅದು. ಆ ಹುಡುಗನಿಗೆ ನಾನು ಹೇಳಿದ್ದೂ ಇಷ್ಟೇ: ಮುಂದಿನ ಸಲ ಪ್ರತಿ ದೊಡ್ಡ ನಿರ್ಧಾರವಾದ ಮೇಲೆ, ಎದುರಾಳಿ ಎಲೆ ತೋರಿಸುವ ಮುಂಚೆ ನಿನಗೆ ಏನು ಗೊತ್ತಿತ್ತು, ಗೆಲುವಿನ ಸಂಭಾವ್ಯತೆ ಎಷ್ಟೆಂದುಕೊಂಡಿದ್ದೆ ಎಂಬುದನ್ನು ಬಿಡುವಾದ ಕೂಡಲೇ ಬರೆ, ಗೆದ್ದದ್ದು, ಸೋತದ್ದು, ಮಡಚಿದ್ದು ಮೂರನ್ನೂ ಬರೆ. ಒಂದು ಸ್ಪರ್ಧೆಯ ಫಲಿತಾಂಶ ಒಂದೇ, ಆದರೆ ಅದರೊಳಗಿನ ನಿರ್ಧಾರಗಳು ನೂರಾರು. ಪರೀಕ್ಷೆಗೆ ಒಡ್ಡಬೇಕಾದದ್ದು ಅವನ್ನು.

ಈ ಎರಡು ದಿನಗಳಲ್ಲಿ ಪ್ರಬಂಧ ಮಂಡಿಸುವ ಪ್ರತಿಯೊಬ್ಬರಲ್ಲೂ ನನ್ನ ವಿನಂತಿ ಒಂದೇ. ನಿಮ್ಮ ಅಧ್ಯಯನದಲ್ಲಿ ವೈದ್ಯ, ರೈತ, ಆಟಗಾರ, ಆಡಳಿತಗಾರ ಯಾರೇ ಇರಲಿ, ಫಲಿತಾಂಶದ ಕೋಷ್ಟಕದ ಪಕ್ಕದಲ್ಲಿ ಇನ್ನೊಂದು ಕೋಷ್ಟಕ ಇಡಿ: ನಿರ್ಧಾರದ ಹೊತ್ತಿಗೆ ಅವರಿಗೆ ಏನು ತಿಳಿದಿತ್ತು ಎಂಬುದರದು. ಅದಿಲ್ಲದೆ ಯಾರ ಸೋಲಿನ ಮೇಲೂ ತೀರ್ಪು ಕೊಡಬೇಡಿ. ಈ ಸಂಕಿರಣ ಅಲ್ಲಿಂದಲೇ ಆರಂಭವಾಗಲಿ.