ನಿವೃತ್ತಿಯಿಲ್ಲದ ಕಾಯಕ



ಕೊಡಗಿನ ನೆಲದಲ್ಲಿ ಕುಳಿತು ಮಾತನಾಡುವಾಗ ಸೈನಿಕರ ನೆನಪು ಬಾರದೆ ಇರದು. ಈ ಸಭೆಯಲ್ಲಿಯೂ ಸೇನೆಯಲ್ಲಿ ದುಡಿದು ಬಂದವರು ಹಲವರು ಕುಳಿತಿದ್ದೀರಿ. ಆದ್ದರಿಂದ ಇಂದು ಪುರಾಣದ ಕಥೆ ಬೇಡ. ಈ ಮಣ್ಣಿನಲ್ಲಿಯೇ ಹುಟ್ಟಿದ ಒಬ್ಬರ ಬದುಕನ್ನು ನೋಡೋಣ.

ಶನಿವಾರಸಂತೆ ನಿಮಗೆಲ್ಲ ಗೊತ್ತಿರುವ ಊರು. 1899ನೆಯ ಜನವರಿ 28ರಂದು ಆ ಊರಿನಲ್ಲಿ, ಕಂದಾಯ ಇಲಾಖೆಯ ನೌಕರರಾಗಿದ್ದ ಮಾದಪ್ಪನವರ ಮನೆಯಲ್ಲಿ ಒಂದು ಗಂಡು ಮಗು ಹುಟ್ಟಿತು. ಅವರೇ ಕೊಡಂದೇರ ಕಾರ್ಯಪ್ಪನವರು. ಮಡಿಕೇರಿಯಲ್ಲಿ, ಮದರಾಸಿನಲ್ಲಿ ಓದಿದರು. 1919ರಲ್ಲಿ ಸೇನೆಯ ಅಧಿಕಾರಿಯಾದರು. 1949ನೆಯ ಜನವರಿ 15ರಂದು ಭಾರತದ ಸೇನೆಗೆ ಮೊದಲ ಭಾರತೀಯ ಮಹಾದಂಡನಾಯಕರಾದರು. ಆ ದಿನವನ್ನು ದೇಶವೆಲ್ಲ ಸೇನಾ ದಿನವೆಂದು ಆಚರಿಸುತ್ತದೆ. ಇಷ್ಟು ಶಾಲೆಯ ಮಕ್ಕಳಿಗೂ ಗೊತ್ತು. ನಾವು ಹೇಳಬೇಕೆಂದಿರುವುದು ಇದರ ಮುಂದಿನ ಮಾತು.

1953ರ ಜನವರಿಯಲ್ಲಿ ಅವರು ಸೇನೆಯಿಂದ ನಿವೃತ್ತರಾದರು. ಆಗ ಅವರಿಗೆ 54 ತುಂಬಿರಲಿಲ್ಲ. ದೇಹ ಬಿಟ್ಟದ್ದು 1993ನೆಯ ಮೇ 15ರಂದು. ಲೆಕ್ಕ ಹಾಕಿ ನೋಡಿ. ಸೇನೆಯಲ್ಲಿ ಇದ್ದದ್ದು ಸುಮಾರು 33 ವರ್ಷ. ಸೇನೆ ಬಿಟ್ಟು ಬದುಕಿದ್ದು 40 ವರ್ಷ! ಅಧಿಕಾರವಿದ್ದಾಗ ಮನುಷ್ಯನ ಹಿಂದೆ ಜನ ಇರುತ್ತಾರೆ, ವಾಹನ ಇರುತ್ತದೆ. ಅದೆಲ್ಲ ಹೋದ ಮೇಲೆ ಉಳಿಯುವುದೇನು? ಅಲ್ಲಿಯೇ ಅವನ ಪರೀಕ್ಷೆ.

ಮೊದಲು ಸರಕಾರ ಅವರನ್ನು ಆಸ್ಟ್ರೇಲಿಯಾ, ನ್ಯೂಜಿಲೆಂಡ್ ದೇಶಗಳಿಗೆ ಹೈಕಮಿಷನರ್ ಆಗಿ ಕಳಿಸಿತು. 1956ರಲ್ಲಿ ಅದೂ ಮುಗಿಯಿತು. ಮಡಿಕೇರಿಯಲ್ಲಿ ‘ರೋಶನಾರಾ’ ಎಂಬ ಮನೆ ಇತ್ತು. ಕಾಫಿಯ ನಾಡಿನಲ್ಲಿ ಹಾಯಾಗಿ ಇರಬಹುದಿತ್ತು. ಆದರೆ ಅವರ ಕಣ್ಣ ಮುಂದೆ ಒಬ್ಬ ಸಾಮಾನ್ಯ ಸಿಪಾಯಿ ನಿಂತಿದ್ದ.

ಆ ಸಿಪಾಯಿಯ ಪಾಡು ಕೇಳಿ. ಸೇನೆಗೆ ಬೇಕಾದದ್ದು ಹರೆಯದ ಮೈ. ಆದ್ದರಿಂದ ಮೂವತ್ತೈದು, ನಲವತ್ತರ ವಯಸ್ಸಿಗೇ ಅವನನ್ನು ಮನೆಗೆ ಕಳಿಸುತ್ತಾರೆ. ಬೇರೆ ನೌಕರನ ಮನೆಯಲ್ಲಿ ಸಂಬಳ ಏರುವ ಹೊತ್ತಿಗೆ ಇವನ ಸಂಬಳ ನಿಲ್ಲುತ್ತದೆ. ಮಕ್ಕಳು ಆಗ ಶಾಲೆಗೆ ಹೋಗುತ್ತಿರುತ್ತವೆ. 15 ವರ್ಷದ ಸೇವೆ ತುಂಬದಿದ್ದರೆ ಸಾಮಾನ್ಯವಾಗಿ ಪಿಂಚಣಿಯೂ ಇಲ್ಲ. ಎರಡನೆಯ ಮಹಾಯುದ್ಧಕ್ಕೆ ಸುಮಾರು 25 ಲಕ್ಷ ಭಾರತೀಯರು ಸೇನೆ ಸೇರಿದರು. ಯುದ್ಧ ಮುಗಿದ ಮೇಲೆ ಅವರಲ್ಲಿ ಬಹುಪಾಲು ಜನ ಬರಿಗೈಯಲ್ಲಿ ಹಳ್ಳಿಗೆ ಮರಳಿದರು. ಬಂದೂಕು ಹಿಡಿಯಲು ಕಲಿಸಿದವರು ಅರ್ಜಿ ಬರೆಯಲು ಕಲಿಸಿರಲಿಲ್ಲ.

ಇಂಥವರಿಗಾಗಿ ಕಾರ್ಯಪ್ಪನವರು 1964ರಲ್ಲಿ ಮಾಜಿ ಸೈನಿಕರ ಅಖಿಲ ಭಾರತ ಸಂಘವೊಂದನ್ನು ಕಟ್ಟಿದರು. ಅದೇ ಇಂಡಿಯನ್ ಎಕ್ಸ್ ಸರ್ವಿಸಸ್ ಲೀಗ್. ಒಬ್ಬೊಬ್ಬನೇ ಕಚೇರಿಯ ಬಾಗಿಲಲ್ಲಿ ನಿಂತರೆ ಕೇಳುವವರಿಲ್ಲ. ಎಲ್ಲರೂ ಕೂಡಿ ಕೇಳಿದರೆ ಮಾತಿಗೆ ತೂಕ ಬರುತ್ತದೆ. ಆಜ್ಞೆ ಮಾಡುತ್ತಿದ್ದ ದಂಡನಾಯಕರು ತಮ್ಮ ಸಿಪಾಯಿಗಳ ಪರವಾಗಿ ಬೇಡುವವರಾದರು! ತನಗಾಗಿ ಬೇಡುವುದು ಸಣ್ಣತನ. ಇಲ್ಲದವರಿಗಾಗಿ ಬೇಡುವುದು ದಾಸೋಹ.

ಮರುವರ್ಷವೇ ಇನ್ನೊಂದು ಪರೀಕ್ಷೆ ಬಂತು. 1965ರ ಯುದ್ಧದಲ್ಲಿ ವಾಯುಸೇನೆಯಲ್ಲಿದ್ದ ಅವರ ಮಗನ ವಿಮಾನ ಬಿದ್ದು, ಮಗ ಪಾಕಿಸ್ತಾನದಲ್ಲಿ ಸೆರೆಯಾದರು. ಅಲ್ಲಿಯ ಅಧ್ಯಕ್ಷ ಅಯೂಬ್ ಖಾನರಿಗೆ ಕಾರ್ಯಪ್ಪನವರು ದೇಶ ಇಬ್ಭಾಗವಾಗುವ ಮೊದಲಿನ ಪರಿಚಯ. ಮಗನಿಗೆ ವಿಶೇಷ ಸೌಕರ್ಯ ಮಾಡಬಹುದೆಂಬ ಮಾತು ಆ ಕಡೆಯಿಂದ ಬಂತು. ತಂದೆ ಒಪ್ಪಲಿಲ್ಲ. ಸೆರೆಯಲ್ಲಿರುವ ಭಾರತದ ಸೈನಿಕರೆಲ್ಲರೂ ತಮ್ಮ ಮಕ್ಕಳೇ, ಎಲ್ಲರನ್ನೂ ಒಂದೇ ರೀತಿ ನೋಡಿಕೊಳ್ಳಿರಿ ಎಂಬುದೇ ಅವರ ಉತ್ತರ. ತಾಯಂದಿರೇ, ನಿಮ್ಮ ಕರುಳಿಗೆ ಗೊತ್ತು ಈ ಮಾತಿನ ಬೆಲೆ. ಸಂಘ ಕಟ್ಟಿ ಹೇಳಿದ್ದನ್ನು ಅವರು ಮಗನನ್ನು ಮುಂದಿಟ್ಟು ನಡೆದು ತೋರಿಸಿದರು.

ಅವರಿಗೆ ಸೋಲು ಬರಲಿಲ್ಲವೇ? ಬಂತು. 1971ರಲ್ಲಿ ಮುಂಬಯಿಯಿಂದ ಲೋಕಸಭೆಗೆ ನಿಂತು ಸೋತರು. ಸೋತರೆಂದು ಸೇವೆ ಬಿಡಲಿಲ್ಲ. 1986ರಲ್ಲಿ, 87ರ ವಯಸ್ಸಿನಲ್ಲಿ, ದೇಶ ಅವರಿಗೆ ಫೀಲ್ಡ್ ಮಾರ್ಷಲ್ ಪದವಿ ಕೊಟ್ಟಿತು. ಆ ಪದವಿಗೆ ಒಂದು ವಿಶೇಷವಿದೆ: ಅದಕ್ಕೆ ನಿವೃತ್ತಿಯೇ ಇಲ್ಲ. ಅವರು 33 ವರ್ಷಗಳಿಂದ ನಡೆಸಿಕೊಂಡು ಬಂದದ್ದಕ್ಕೆ ಸರಕಾರ ಆಗ ಮುದ್ರೆ ಒತ್ತಿತು, ಅಷ್ಟೆ.

ಬಂಧುಗಳೇ, ಮೊನ್ನೆ ಮಠಕ್ಕೆ ಒಬ್ಬ ತಾಯಿ ಬಂದಿದ್ದಳು. ಸೈನಿಕನಾಗಿದ್ದ ಗಂಡ ತೀರಿಹೋಗಿದ್ದಾನೆ. ಸೇನೆಯ ದಾಖಲೆಯಲ್ಲಿ ಅವಳ ಹೆಸರು ಒಂದು ರೀತಿ, ಆಧಾರ್ ಚೀಟಿಯಲ್ಲಿ ಇನ್ನೊಂದು ರೀತಿ. ಒಂದಕ್ಷರದ ಅಂತರ! ಅದಕ್ಕಾಗಿ ಕುಟುಂಬ ಪಿಂಚಣಿ ನಿಂತಿದೆ. ಅವಳು ನಮ್ಮಲ್ಲಿ ಹಣ ಕೇಳಲಿಲ್ಲ. “ಬುದ್ಧಿ, ಈ ಕಾಗದ ಓದಿ ಹೇಳುವವರು ಯಾರಾದರೂ ಇದ್ದಾರೆಯೇ?” ಎಂದಳು. ಅವಳ ಊರಿನಲ್ಲಿ ಓದಿದವರು ಇರಲಿಲ್ಲವೇ? ಇದ್ದರು. ಡಿಸೆಂಬರ್ 7ರ ಧ್ವಜ ದಿನ ಎದೆಗೆ ಧ್ವಜ ಚುಚ್ಚಿಕೊಂಡವರೂ ಇದ್ದರು. ಅವಳ ಬಾಗಿಲಿಗೆ ಮಾತ್ರ ಯಾರೂ ಹೋಗಿರಲಿಲ್ಲ.

ನೌಕರಿಯಿಂದ ನಿವೃತ್ತರಾದವರು ಇಲ್ಲಿ ಎಷ್ಟೋ ಜನ ಇದ್ದೀರಿ. ಲೆಕ್ಕ ಬಲ್ಲಿರಿ, ಕಚೇರಿಯ ದಾರಿ ಬಲ್ಲಿರಿ. ನಿಮ್ಮ ಊರಿನ ಒಬ್ಬ ಮಾಜಿ ಸೈನಿಕನ ಮನೆಗೆ, ಒಬ್ಬ ಸೈನಿಕನ ವಿಧವೆಯ ಮನೆಗೆ ಈ ವಾರ ಹೋಗಿರಿ. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಅವರ ಜೊತೆ ಒಂದು ದಿನ ನಡೆಯಿರಿ. ಕಾರ್ಯಪ್ಪನವರ ಪ್ರತಿಮೆಗೆ ಹಾಕುವ ಹಾರಕ್ಕಿಂತ ಅದು ದೊಡ್ಡದು.

ನೌಕರಿಗೆ ಕೊನೆಯ ದಿನವುಂಟು, ಕಾಯಕಕ್ಕೆ ಇಲ್ಲ. ಇದನ್ನು ಮನೆಗೆ ಒಯ್ಯಿರಿ.