ಪಿಂಗ್ ಎಂದದ್ದು ಬ್ಯಾಟು, ಪಾಂಗ್ ಎಂದದ್ದು ಮೇಜು

ಟೇಬಲ್ ಟೆನಿಸ್ಸಿಗೆ ಪಿಂಗ್ ಪಾಂಗ್ ಎಂಬ ಇನ್ನೊಂದು ಹೆಸರಿದೆಯಲ್ಲ, ಮಕ್ಕಳೇ, ಆ ಎರಡು ಹೆಸರುಗಳಿಗಾಗಿ ನೂರು ವರ್ಷಕ್ಕೂ ಹಿಂದೆ ದೊಡ್ಡವರೇ ಎರಡು ಪಂಗಡವಾಗಿ ನಿಂತಿದ್ದರು.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇಂಗ್ಲೆಂಡಿನ ಮನೆಗಳಲ್ಲಿ ಊಟದ ಮೇಜಿನ ಮೇಲೆ ಟೆನಿಸ್ ಆಡುವ ಗೀಳು ಹತ್ತಿತು. ಮೊದಮೊದಲು ಇದ್ದದ್ದು ರಬ್ಬರ್ ಚೆಂಡು, ಬೂಚಿನ ಚೆಂಡು. ರಬ್ಬರಿನದು ಎಲ್ಲೆಂದರಲ್ಲಿ ಹಾರುತ್ತಿತ್ತು, ಬೂಚಿನದು ಸರಿಯಾಗಿ ಪುಟಿಯುತ್ತಲೇ ಇರಲಿಲ್ಲ. 1900ರ ಸುಮಾರಿಗೆ ಸೆಲ್ಯುಲಾಯ್ಡಿನ ಟೊಳ್ಳು ಚೆಂಡು ಬಂದಮೇಲೆ ಆಟಕ್ಕೆ ಜೀವ ಬಂತು, ಜೊತೆಗೆ ಸದ್ದೂ ಬಂತು.

ಆಗಿನ ಬ್ಯಾಟಿಗೆ ಉದ್ದನೆಯ ಹಿಡಿ. ಅದರ ಚೌಕಟ್ಟಿಗೆ ಎರಡೂ ಕಡೆ ತೊಗಲು ಬಿಗಿದಿರುತ್ತಿತ್ತು, ಹೆಚ್ಚುಕಡಿಮೆ ನಮ್ಮ ಡೋಲಿನ ಹಾಗೆ. ಬಿಗಿಯಾದ ತೊಗಲಿಗೆ ಹಗುರವಾದ ಚೆಂಡು ತಗುಲಿದರೆ ತೊಗಲು ಒಂದೇ ಸೆಕೆಂಡಿನಲ್ಲಿ ನೂರಾರು ಸಲ ಅದುರುತ್ತದೆ. ಅದುರುವ ವೇಗ ಹೆಚ್ಚಿದಷ್ಟೂ ಸ್ವರ ಏರುತ್ತದೆ. ಹೀಗೆ ಹುಟ್ಟಿದ್ದು 'ಪಿಂಗ್'. ಚೆಂಡು ಮೇಜಿನ ದಪ್ಪ ಹಲಗೆಗೆ ಬಿದ್ದಾಗ ಬೇರೆಯೇ ಸದ್ದು, ಅದು 'ಪಾಂಗ್'. ಎಷ್ಟು ಸೊಗಸಾದ ಹೆಸರು!

ಸೊಗಸಾಗಿದ್ದದ್ದೇ ತೊಡಕಾಯಿತು. 1900ರಲ್ಲಿ ಲಂಡನ್ನಿನ ಆಟಿಕೆ ವ್ಯಾಪಾರಿಗಳಾದ ಹ್ಯಾಮ್ಲಿಯವರು ಆ ಹೆಸರನ್ನು ತಮ್ಮ ಟ್ರೇಡ್‌ಮಾರ್ಕ್ ಮಾಡಿಕೊಂಡರು. ಬೇರೆ ಕಂಪನಿಯವರು ಅದನ್ನು ಬಳಸುವಂತಿಲ್ಲ. ಒಂದು ಕಂಪನಿ ಅದೇ ಆಟವನ್ನು 'ವಿಫ್-ವಾಫ್' ಎಂದು ಕರೆದು ಮಾರಿತು. 1901ರಲ್ಲಿ ಇಂಗ್ಲೆಂಡಿನಲ್ಲಿ ಪಿಂಗ್ ಪಾಂಗ್ ಸಂಘವೊಂದು, ಟೇಬಲ್ ಟೆನಿಸ್ ಸಂಘವೊಂದು, ಎರಡೂ ಹುಟ್ಟಿಕೊಂಡವು. ಅಮೆರಿಕದಲ್ಲಿ ಪಾರ್ಕರ್ ಬ್ರದರ್ಸ್ ಕಂಪನಿಗೆ ಪಿಂಗ್ ಪಾಂಗ್ ಎಂಬ ಹೆಸರಿನ ಹಕ್ಕು ಸಿಕ್ಕಿತು. ಒಂದು ಕಂಪನಿಯ ಸ್ವತ್ತಾದ ಹೆಸರನ್ನು ಊರೆಲ್ಲ ಆಡುವ ಆಟಕ್ಕೆ ಇಡುವುದು ಹೇಗೆ? 1926ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಒಕ್ಕೂಟ 'ಟೇಬಲ್ ಟೆನಿಸ್' ಎಂಬುದನ್ನೇ ಆರಿಸಿಕೊಂಡಿತು. ಆ ನಿರ್ಧಾರ ಸರಿ ಎಂದೇ ನನ್ನ ಅಭಿಪ್ರಾಯ. ಚೀನೀಯರು ಮಾತ್ರ ಇವತ್ತಿಗೂ ಆಟವನ್ನು ಸದ್ದಿನಿಂದಲೇ ಕರೆಯುತ್ತಾರೆ: 'ಪಿಂಗ್‌ಪಾಂಗ್ ಚ್ಯೂ'. ಚ್ಯೂ ಎಂದರೆ ಚೆಂಡು.

ಇನ್ನು ಆ ಸದ್ದಿನ ಕಥೆ. ತೊಗಲು ಹೋಗಿ ಮರದ ಹಲಗೆ ಬಂತು, ಹಲಗೆಯ ಮೇಲೆ ಗುಬುಟು ಗುಬುಟಾದ ರಬ್ಬರ್ ಬಂತು. ಆಟಗಾರರು ಸದ್ದು ಕೇಳಿಯೇ ಎದುರಾಳಿ ಎಷ್ಟು ಜೋರಾಗಿ ಹೊಡೆದ ಎಂದು ಅಂದಾಜು ಮಾಡುತ್ತಿದ್ದರು. 1952ರ ವಿಶ್ವ ಚಾಂಪಿಯನ್‌ಶಿಪ್ ನಮ್ಮ ಮುಂಬಯಿಯಲ್ಲೇ ನಡೆಯಿತು. ಅಲ್ಲಿಗೆ ಕನ್ನಡಕ ಹಾಕಿದ ಜಪಾನಿನ ಹಿರೋಜಿ ಸಾತೋ ದಪ್ಪ ಸ್ಪಂಜು ಅಂಟಿಸಿದ ಬ್ಯಾಟು ಹಿಡಿದು ಬಂದರು. ಸ್ಪಂಜಿನ ತುಂಬ ಗಾಳಿಯ ಸಣ್ಣ ಸಣ್ಣ ಗೂಡುಗಳು. ಚೆಂಡು ಬಡಿದೊಡನೆ ಅವು ಅಮುಕಿಕೊಂಡು ಅದುರುವಿಕೆಯನ್ನು ನುಂಗಿಬಿಡುತ್ತವೆ. ಹೊಡೆತ ಕಾಣುತ್ತದೆ, ಕೇಳುವುದಿಲ್ಲ! ಘಟಾನುಘಟಿಗಳೆಲ್ಲ ತಬ್ಬಿಬ್ಬಾದರು, ಸಾತೋ ಪುರುಷರ ಸಿಂಗಲ್ಸ್ ಗೆದ್ದರು.

ಸ್ಪಂಜು ಇರಬೇಕೋ ಬೇಡವೋ ಎಂಬ ವಾದ ಏಳು ವರ್ಷ ನಡೆಯಿತು. 1959ರಲ್ಲಿ ಒಕ್ಕೂಟ ಬರಿ ಸ್ಪಂಜನ್ನು ನಿಷೇಧಿಸಿ, ಮೇಲೆ ರಬ್ಬರ್ ಹೊದಿಸಿದ್ದಾದರೆ ಒಟ್ಟು 4 ಮಿಲಿಮೀಟರ್ ದಪ್ಪದವರೆಗೆ ಇರಬಹುದು ಎಂದು ನಿಯಮ ಮಾಡಿತು. ನಿಮ್ಮ ಶಾಲೆಯ ಬ್ಯಾಟಿನ ಅಂಚನ್ನು ಹತ್ತಿರದಿಂದ ನೋಡಿ, ಮರದ ಮೇಲೆ ಸ್ಪಂಜು, ಅದರ ಮೇಲೆ ರಬ್ಬರ್ ಇದ್ದರೆ ಅದು ಆ ನಿಯಮದ ಬ್ಯಾಟೇ.